ಎರಡು ಸಾವಿರದ ಕಾಫಿ ಮೇಕರ್‌ನಲ್ಲಿ ನಮ್ಮ ಡಿಕಾಕ್ಷನ್ ಇಳಿಯುತ್ತಾ?

ಪ್ರಶ್ನೆ: ನಾವು ತುಮಕೂರಿನವರು. ಮನೆಯಲ್ಲಿ ಕಾಫಿ ಕುಡಿಯುವವರು ನಾಲ್ಕು ಜನ, ನಾಲ್ವರಿಗೂ ಹಾಲು ಹಾಕಿದ ಕಾಫಿಯೇ ಆಗಬೇಕು. ಅತ್ತೆಗೆ ಬೆಳಿಗ್ಗೆ ಐದೂವರೆಗೆಲ್ಲ ಲೋಟ ಕೈಗೆ ಬರಬೇಕು. ಬಳಸೋದು ಸ್ಟೀಲ್ ಫಿಲ್ಟರ್. ವಾರಕ್ಕೆರಡು ಸಲ ಅದು ಕಟ್ಟಿಕೊಂಡು ಕೂರುತ್ತೆ, ಒಂದು ಹನಿಯೂ ಇಳಿಯಲ್ಲ. ಪುಡಿ 70:30, ಅಂದ್ರೆ 30 ಭಾಗ ಚಿಕೋರಿ. ಬೋರ್‌ವೆಲ್ ನೀರು. ಮೊನ್ನೆ ಅಂಗಡಿಯಲ್ಲಿ 2,200 ರೂಪಾಯಿಗೆ ಒಂದು ಡ್ರಿಪ್ ಕಾಫಿ ಮೇಕರ್ ನೋಡಿದೆ, 650 ವಾಟ್, ‘6 ಕಪ್’ ಅಂತ ಬರೆದಿದೆ. ಪಕ್ಕದ ಮನೆಯವರು ಅಂಥದ್ದೇ ತಂದಿದ್ದಾರೆ, ಅವರ ಕಾಫಿ ನೀರು ನೀರು. ಪ್ಲಾಸ್ಟಿಕ್‌ನಲ್ಲಿ ಬಿಸಿನೀರು ಹೋದರೆ ವಿಷ ಅಂತ ಒಬ್ಬರು, ಮಿಷನ್ ಕಾಫಿಯಿಂದ ಅಸಿಡಿಟಿ ಅಂತ ಇನ್ನೊಬ್ಬರು. ನಮ್ಮ ಯಜಮಾನರಿಗೆ ಕರೆಂಟ್ ಬಿಲ್ ಚಿಂತೆ. ಅಮೆರಿಕದಲ್ಲಿರುವ ಮಗಳು ‘ನನ್ನ ಹಳೇ ಮಿಷನ್ನೇ ತರ್ತೀನಿ, ದುಡ್ಡು ಯಾಕೆ ದಂಡ’ ಅಂತಿದ್ದಾಳೆ. ತಗೊಳ್ಳಲಾ, ಬೇಡವಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಒಂದಲ್ಲ, ಎರಡಿವೆ ಮೇಡಂ. ಮಿಷನ್ ಚೆನ್ನಾಗಿದೆಯಾ ಅನ್ನೋದು ಒಂದು. ಅದು ನಿಮ್ಮ ಮನೆಯ ಕಾಫಿ ಮಾಡುತ್ತದಾ ಅನ್ನೋದು ಇನ್ನೊಂದು. ಪಕ್ಕದ ಮನೆಯವರ ಮಿಷನ್ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಅದು ತನಗೆ ಗೊತ್ತಿರುವ ಕೆಲಸ ಮಾಡುತ್ತಿದೆ, ಅವರು ಅದರಿಂದ ಬೇರೆ ಕೆಲಸ ಕೇಳುತ್ತಿದ್ದಾರೆ.

ಕಾಫಿ ಬೀಜ ಹುರಿದು, ಅರೆದು ಮಾರುವ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷದ ಮೇಲಾಯಿತು. ಜೊತೆಗೆ ಮನೆಬಳಕೆಯ ಮಿಷನ್‌ಗಳನ್ನು ಬಿಚ್ಚಿ ನೋಡುವ ಚಟ. ‘ನಿಮ್ಮ ಪುಡಿ ಈಗ ಚೆನ್ನಾಗಿಲ್ಲ’ ಅಂತ ಜಗಳಕ್ಕೆ ಬರುವ ಗಿರಾಕಿಗಳನ್ನು ನಾನು ಮೊದಲು ಕೇಳೋದೇ ‘ಹೊಸದಾಗಿ ಮಿಷನ್ ತಂದ್ರಾ?’ ಅಂತ. ಎಷ್ಟೋ ಸಲ ಉತ್ತರ ಹೌದು ಅಂತಲೇ ಬರುತ್ತದೆ.

ಯಾಕೆ ಹೀಗಾಗುತ್ತದೆ ಅಂತ ನೋಡೋಣ. ಈ ಮಿಷನ್‌ನ ಮೂಲ ಜರ್ಮನಿಯಲ್ಲಿದೆ. 1908ರಲ್ಲಿ ಡ್ರೆಸ್ಡೆನ್‌ನ ಮೆಲಿಟಾ ಬೆಂಟ್ಸ್ ಅನ್ನುವ ಗೃಹಿಣಿ ಲೋಟದಲ್ಲಿ ಗಸಿ ಬರೋದು ಬೇಡ ಅಂತ ಮಗನ ನೋಟ್‌ಬುಕ್ಕಿನ ಇಂಕು ಒತ್ತುವ ಕಾಗದವನ್ನು ತೂತು ಮಾಡಿದ ಪಾತ್ರೆಯಲ್ಲಿಟ್ಟು ಕಾಫಿ ಸೋಸಿದರು. ಪೇಪರ್ ಫಿಲ್ಟರ್ ಹುಟ್ಟಿದ್ದು ಹಾಗೆ. 1954ರಲ್ಲಿ ಅದೇ ದೇಶದಲ್ಲಿ ವಿಗೋಮ್ಯಾಟ್ ಅನ್ನುವ ಕರೆಂಟಿನ ಡ್ರಿಪ್ ಮಿಷನ್ ಬಂತು. 1972ರಲ್ಲಿ ಅಮೆರಿಕದಲ್ಲಿ ಮಿಸ್ಟರ್ ಕಾಫಿ ಬಂದ ಮೇಲೆ ಅದು ಮನೆಮನೆಗೂ ಹೋಯಿತು. ಇವರೆಲ್ಲ ಮಿಷನ್ ಮಾಡಿದ್ದು ದೊಡ್ಡ ಮಗ್ ತುಂಬ ಕರಿ ಕಾಫಿ ಕುಡಿಯುವವರಿಗೆ. ಕಾಲು ಲೋಟ ಡಿಕಾಕ್ಷನ್‌ಗೆ ಮುಕ್ಕಾಲು ಲೋಟ ಹಾಲು ಸುರಿಯುವ ಜನ ಅವರ ಲೆಕ್ಕದಲ್ಲೇ ಇರಲಿಲ್ಲ.

ಲೆಕ್ಕ ಹಾಕಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕರಿ ಕಾಫಿಗೆ ಜಗತ್ತಿನಾದ್ಯಂತ ಒಪ್ಪಿರುವ ಅಳತೆ ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ. ಅಂದರೆ ನಿಮ್ಮ ‘6 ಕಪ್’ ಮಿಷನ್‌ನ 600 ಮಿಲಿ ನೀರಿಗೆ 35 ಗ್ರಾಂ ಆಸುಪಾಸು. ಅದರಲ್ಲಿ ಕರಗಿದ ಕಾಫಿ ಅಂಶ ನೂರಕ್ಕೆ 1.2ರಿಂದ 1.4 ಭಾಗ. ಈಗ ನಿಮ್ಮ ಸ್ಟೀಲ್ ಫಿಲ್ಟರ್‌ಗೆ ಬನ್ನಿ. 40 ಗ್ರಾಂ ಪುಡಿಗೆ 240 ಮಿಲಿ ನೀರು ಹಾಕುತ್ತೀರಿ ಅಂದುಕೊಳ್ಳಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಳಿಯೋದು 160 ಮಿಲಿ. ನಾಲ್ಕು ಜನಕ್ಕೆ ತಲಾ 40 ಮಿಲಿ. ಅದರಲ್ಲಿ ಕರಗಿದ ಅಂಶ ಏನಿಲ್ಲವೆಂದರೂ ನೂರಕ್ಕೆ 4 ಭಾಗ ಇರುತ್ತದೆ, ಚಿಕೋರಿ ಇದ್ದರೆ ಇನ್ನೂ ಜಾಸ್ತಿ. ಮಿಷನ್ ಕಾಫಿಗಿಂತ ಮೂರು ಪಟ್ಟು ಗಟ್ಟಿ. ಪಕ್ಕದ ಮನೆಯವರು ಆ ತೆಳು ಕಾಫಿಗೇ ಅರ್ಧ ಲೋಟ ಹಾಲು ಹಾಕಿದರೆ ನೀರು ನೀರಾಗದೆ ಇನ್ನೇನಾಗುತ್ತದೆ?

‘ಹಾಗಾದರೆ ನೀರು ಕಮ್ಮಿ ಹಾಕಿ ಪುಡಿ ಜಾಸ್ತಿ ಹಾಕಿದರಾಯ್ತಲ್ಲ’ ಅಂತ ನೀವು ಕೇಳುತ್ತೀರಿ. ಹೌದು, ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಅಲ್ಲೊಂದು ತೊಡಕಿದೆ. ಅದು ಅರ್ಥವಾಗಬೇಕಾದರೆ ಮಿಷನ್‌ನ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು.

ಒಳಗೆ ಪಂಪ್ ಇಲ್ಲ. ಈ ಬೆಲೆಯ ಮಿಷನ್‌ಗಳಲ್ಲಿ ಇರೋದು ಇಷ್ಟೇ: ಹಿಂದುಗಡೆ ತಣ್ಣೀರಿನ ಟ್ಯಾಂಕ್, ಕೆಳಗೆ ಕುದುರೆ ಲಾಳದ ಹಾಗೆ ಬಗ್ಗಿಸಿದ ಅಲ್ಯೂಮಿನಿಯಂ ಕೊಳವೆ, ಅದಕ್ಕೇ ಅಂಟಿಕೊಂಡ ಹೀಟರ್. ಟ್ಯಾಂಕಿನ ನೀರು ಒಂದು ಪುಟ್ಟ ವಾಲ್ವ್ ದಾಟಿ ಕೊಳವೆಗೆ ಇಳಿಯುತ್ತದೆ. ಅಲ್ಲಿ ಕುದಿಯುತ್ತದೆ. ಆವಿಯ ಗುಳ್ಳೆಗಳು ಬಿಸಿನೀರನ್ನು ಎತ್ತಿಕೊಂಡು ಮೇಲಿನ ಕೊಳವೆಗೆ ಹೋಗುತ್ತವೆ. ವಾಲ್ವ್ ಹಿಂದಕ್ಕೆ ಬಿಡುವುದಿಲ್ಲ, ಹಾಗಾಗಿ ಮೇಲಕ್ಕೆ ಹೋಗಲೇಬೇಕು. ಗೊಳಗೊಳ ಅಂತ ಸದ್ದು ಬರೋದು ಇದಕ್ಕೇ. ಅದೇ ಹೀಟರ್ ಜಗ್ಗಿನ ಕೆಳಗಿನ ಬಿಸಿತಟ್ಟೆಯನ್ನೂ ಕಾಯಿಸುತ್ತದೆ. ‘15 ಬಾರ್ ಒತ್ತಡ’ ಅಂತ ಯಾರಾದರೂ ಹೇಳಿದರೆ ಅದು ಎಸ್ಪ್ರೆಸೊ ಮಿಷನ್ ಕಥೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ನೀರು ಮೇಲಿಂದ ಬಿದ್ದು ತಾನಾಗೇ ಇಳಿಯಬೇಕು, ಅಷ್ಟೇ.

ಕಾಫಿ ಸರಿಯಾಗಿ ಬಿಡಬೇಕಾದರೆ ಪುಡಿಯ ಮೇಲೆ ಬೀಳುವ ನೀರು 90ರಿಂದ 96 ಡಿಗ್ರಿ ಇರಬೇಕು. ಅಗ್ಗದ ಮಿಷನ್‌ನಲ್ಲಿ ಮೊದಲು ಬೀಳುವ ನೀರು ಅಷ್ಟು ಬಿಸಿ ಇರುವುದಿಲ್ಲ. ಕೊಳವೆ, ಮುಚ್ಚಳ, ಪುಡಿ ಹಾಕುವ ಬುಟ್ಟಿ ಎಲ್ಲ ತಣ್ಣಗಿರುತ್ತವೆ, ಅವು ಬಿಸಿಯನ್ನು ಕುಡಿದುಬಿಡುತ್ತವೆ. ನಾನು ತಾಪಮಾಪಕ ಇಟ್ಟು ನೋಡಿದಾಗ ಮೊದಲ ನಿಮಿಷ 80ರ ಆಚೀಚೆ ಓಡಾಡಿ, ಆಮೇಲೆ ನಿಧಾನಕ್ಕೆ 90 ದಾಟಿದ್ದೇ ಜಾಸ್ತಿ. 600 ಮಿಲಿ ಹಾಕಿದಾಗ ಈ ತಪ್ಪು ಮುಚ್ಚಿಹೋಗುತ್ತದೆ, ಉಳಿದ ನೀರು ಬಿಸಿಯಾಗೇ ಬರುತ್ತದೆ. ಡಿಕಾಕ್ಷನ್ ಬೇಕು ಅಂತ ಬರೀ 240 ಮಿಲಿ ಹಾಕಿದರೆ? ಮಿಷನ್ ಬಿಸಿಯೇರುವ ಹೊತ್ತಿಗೆ ನೀರು ಅರ್ಧ ಮುಗಿದಿರುತ್ತದೆ. ಎರಡು ನಿಮಿಷ ಚಿಲ್ಲರೆಯಲ್ಲಿ ಕೆಲಸ ಖತಂ. ಬಣ್ಣ ಕಪ್ಪಗೇ ಇರುತ್ತದೆ, ನೋಡಿದರೆ ಗಟ್ಟಿ ಅನ್ನಿಸುತ್ತದೆ. ಹಾಲು ಬೆರೆಸಿ ಬಾಯಿಗಿಟ್ಟರೆ ಒಂಥರಾ ಹುಳಿಹುಳಿ, ಹಿಂದೆ ಏನೂ ಇಲ್ಲ.

ಇದಕ್ಕೆ ನಾನು ಹೇಳಿಕೊಡುವ ಉಪಾಯ ಹೀಗೆ. ಮೊದಲು ಪುಡಿ ಹಾಕದೆ ಒಂದು ಲೋಟ ಬರೀ ನೀರನ್ನು ಓಡಿಸಿ ಚೆಲ್ಲಿ. ಮಿಷನ್ ಮೈ ಬಿಸಿಯಾಗುತ್ತದೆ. ಆಮೇಲೆ 45 ಗ್ರಾಂ ಪುಡಿ, 280 ಮಿಲಿ ನೀರು. ಪುಡಿ ಪೂರ್ತಿ ಒದ್ದೆಯಾಗುವಷ್ಟು ನೀರು ಬಿದ್ದ ಕೂಡಲೇ ಸ್ವಿಚ್ ಆರಿಸಿ, 40 ಸೆಕೆಂಡ್ ಬಿಡಿ, ಮತ್ತೆ ಹಾಕಿ. ಸುಮಾರು 190 ಮಿಲಿ ಡಿಕಾಕ್ಷನ್ ಸಿಗುತ್ತದೆ. ಸ್ಟೀಲ್ ಫಿಲ್ಟರ್‌ನದ್ದರ ಹತ್ತಿರಕ್ಕೆ ಬರುತ್ತದೆ, ಸಮ ಅಲ್ಲ. ಬುಟ್ಟಿಯಲ್ಲಿ ಪುಡಿ ಅರ್ಧಕ್ಕಿಂತ ತುಂಬ ಮೇಲೆ ಬರಬಾರದು, ಊದಿಕೊಂಡು ತುಳುಕುತ್ತದೆ. ತುಳುಕಿದ್ದು ಗಸಿ ಸಮೇತ ಜಗ್ಗಿಗೋ ಕಟ್ಟೆ ಮೇಲೋ ಹೋಗುತ್ತದೆ. ನೀರು ಬೀಳುತ್ತಿರುವಾಗ ಮುಚ್ಚಳ ತೆಗೆಯಬೇಡಿ, ಆವಿ ಮುಖಕ್ಕೆ ಹೊಡೆಯುತ್ತದೆ.

ಇನ್ನೊಂದು. ‘ಇನ್ನೂ ಗಟ್ಟಿಯಾಗಲಿ’ ಅಂತ ಇಳಿದ ಡಿಕಾಕ್ಷನ್ನನ್ನೇ ಮತ್ತೆ ಟ್ಯಾಂಕಿಗೆ ಸುರಿಯುವವರಿದ್ದಾರೆ. ಒಬ್ಬರು ಹಾಲನ್ನೇ ಸುರಿದಿದ್ದರು! ಆ ಮಿಷನ್ ನನ್ನ ಹತ್ತಿರ ಬಂದಾಗ ಅದರ ವಾಸನೆ ಇಡೀ ಅಂಗಡಿಗೆ ಹರಡಿತ್ತು. ಕೊಳವೆಯೊಳಗೆ ಕೈ ಹೋಗಲ್ಲ, ಬ್ರಷ್ ಹೋಗಲ್ಲ. ಕಾಫಿ ಮಾಡುವಾಗ ಟ್ಯಾಂಕಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು.

ಈಗ ನಿಮ್ಮ ಪುಡಿಯ ವಿಷಯ. ನಿಜ ಹೇಳಬೇಕೆಂದರೆ ನಿಮ್ಮ ಸಮಸ್ಯೆಯ ಮುಕ್ಕಾಲು ಪಾಲು ಇಲ್ಲೇ ಇದೆ. ಕಾಫಿ ಬೀಜದಲ್ಲಿ ನೀರಿಗೆ ಕರಗುವ ಅಂಶ ನೂರಕ್ಕೆ 30ರ ಹತ್ತಿರ. ಹುರಿದ ಚಿಕೋರಿಯಲ್ಲಿ ಅದರ ಎರಡು ಪಟ್ಟಿಗೂ ಮೇಲೆ. ಅದಕ್ಕೇ ಚಿಕೋರಿ ಹಾಕಿದ ಡಿಕಾಕ್ಷನ್ ಕಪ್ಪಗೆ, ದಪ್ಪಗೆ ಬರೋದು. ಆದರೆ ನೀರು ಬಿದ್ದ ಕೂಡಲೇ ಅದು ಮೆತ್ತಗಾಗಿ ಅಂಟಂಟಾಗುತ್ತದೆ. ಸ್ಟೀಲ್ ಫಿಲ್ಟರ್‌ನಲ್ಲಿ ಇಳಿಯಲು ಇಪ್ಪತ್ತು ನಿಮಿಷ, ಅರ್ಧ ಗಂಟೆ ಸಮಯವಿರುತ್ತದೆ, ಹೇಗೋ ಇಳಿಯುತ್ತದೆ. ಮಿಷನ್‌ಗೆ ಆ ತಾಳ್ಮೆಯಿಲ್ಲ. ಮೇಲಿಂದ ನೀರು ಸುರಿಯುತ್ತಲೇ ಇರುತ್ತದೆ, ಕೆಳಗೆ ಜಾಲರಿ ಕಟ್ಟಿಕೊಂಡಿರುತ್ತದೆ. 70:30 ಪುಡಿಯನ್ನು ಪೇಪರ್ ಫಿಲ್ಟರ್‌ಗೆ ಹಾಕಿದರಂತೂ ಕೆಸರುಗದ್ದೆ. ಅಂದರೆ ಕಟ್ಟಿಕೊಳ್ಳುವ ಕಾಟ ತಪ್ಪಲಿ ಅಂತ ಮಿಷನ್ ತಂದು, ಪುಡಿ ಮಾತ್ರ ಹಳೆಯದೇ ಬಳಸಿದರೆ, ಕಾಟ ಜಾಸ್ತಿಯೇ ಆಗುತ್ತದೆ.

ಮಿಷನ್‌ಗೆ ಅಂತಲೇ ಪುಡಿ ಬೇರೆ ಮಾಡಿಸಬೇಕು. ಚಿಕೋರಿ ಇಲ್ಲದ್ದು, ಅಥವಾ ಹೆಚ್ಚೆಂದರೆ 90:10. ಅರೆಯುವುದು ಒರಟಾಗಿರಬೇಕು. ಫಿಲ್ಟರ್ ಪುಡಿ ಚಿರೋಟಿ ರವೆಗಿಂತ ನುಣ್ಣಗಿರುತ್ತದೆ. ಮಿಷನ್‌ಗೆ ಉಪ್ಪಿಟ್ಟಿನ ರವೆಯ ಹದ ಬೇಕು. ಪುಡಿ ಅಂಗಡಿಯಲ್ಲಿ ‘ಡ್ರಿಪ್ ಮಿಷನ್‌ಗೆ’ ಅಂದರೆ ಕೆಲವರಿಗೆ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ‘ಉಪ್ಪಿಟ್ಟಿನ ರವೆ ಥರ’ ಅನ್ನಿ, ಎಲ್ಲರಿಗೂ ಗೊತ್ತಾಗುತ್ತದೆ. ಚಿಕೋರಿ ಬಿಟ್ಟಾಗ ಕಳೆದುಹೋಗುವ ದಪ್ಪವನ್ನು ವಾಪಸ್ ತರಲು ಮಿಶ್ರಣದಲ್ಲಿ ಕಾಲು ಭಾಗದಷ್ಟು ರೊಬಸ್ಟಾ ಅನ್ನುವ ಜಾತಿಯ ಬೀಜ ಹಾಕಿಸಿ. ಉಳಿದದ್ದು ಅರೇಬಿಕಾ ಜಾತಿಯದ್ದು, ಪ್ಲಾಂಟೇಶನ್ ಎ ಅಥವಾ ಪೀಬೆರಿ ದರ್ಜೆಯ ಬೀಜ. ರೊಬಸ್ಟಾ ಅಂದರೆ ಮೂಗು ಮುರಿಯುವವರಿದ್ದಾರೆ. ಹಾಲಿನ ಕಾಫಿಗೆ ಅದು ಬೇಕು ಅನ್ನೋದು ನನ್ನ ಅಭಿಪ್ರಾಯ. ಅದರಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು, ಅದು ನೆನಪಿರಲಿ. ಸಂಜೆ ಏಳರ ಮೇಲೆ ಕುಡಿದು ನಿದ್ದೆ ಬರಲಿಲ್ಲ ಅಂತ ನನ್ನನ್ನು ಬೈಯಬೇಡಿ. ಪ್ಯಾಕೆಟ್ ಪುಡಿ ತಗೊಳ್ಳುವುದಾದರೆ ಹಿಂದುಗಡೆ ಓದಿ. ಮಿಶ್ರಣದಲ್ಲಿ ಚಿಕೋರಿ 49%ಗಿಂತ ಜಾಸ್ತಿ ಇರುವಂತಿಲ್ಲ, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು ಅನ್ನೋದು ಕಾನೂನು.

ನಿಮಗೆ ಹೆದರಿಕೆ ಹುಟ್ಟಿಸಿದ ಮಾತುಗಳಿಗೆ ಬರೋಣ.

ಪ್ಲಾಸ್ಟಿಕ್ ವಿಷ ಅನ್ನೋದು ಅರ್ಧ ಸತ್ಯವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಈ ಮಿಷನ್‌ಗಳ ಬುಟ್ಟಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಜನ ಹೆದರುವ ಬಿಪಿಎ ಅನ್ನುವ ರಾಸಾಯನಿಕವನ್ನು ಅದರ ತಯಾರಿಕೆಯಲ್ಲಿ ಬಳಸುವುದಿಲ್ಲ. ಬುಟ್ಟಿಯ ತಳದಲ್ಲಿ ತ್ರಿಕೋನದೊಳಗೆ 5 ಅಂತ ಅಚ್ಚಾಗಿದೆಯಾ ನೋಡಿ, ಅದೇ ಗುರುತು. ಹೊಸ ಮಿಷನ್ ವಾಸನೆ ಬರೋದು ಸಹಜ. ಎರಡು ಮೂರು ಸಲ ಬರೀ ನೀರು ಓಡಿಸಿ ಚೆಲ್ಲಿ. ಐದನೇ ಸಲಕ್ಕೂ ಜಗ್ಗಿನ ನೀರು ಹೊಸ ಚಪ್ಪಲಿ ಅಂಗಡಿಯ ಹಾಗೆ ನಾರುತ್ತಿದ್ದರೆ ಯೋಚನೆ ಮಾಡಬೇಡಿ, ವಾಪಸ್ ಕೊಟ್ಟುಬಿಡಿ. ಅದು ಕಳಪೆ ಪ್ಲಾಸ್ಟಿಕ್.

ಮಿಷನ್‌ನಿಂದ ಅಸಿಡಿಟಿ ಬರುವುದಿಲ್ಲ. ಬರುವುದಾದರೆ ಕಾಫಿಯಿಂದ, ಅದೂ ಖಾಲಿ ಹೊಟ್ಟೆಯಲ್ಲಿ ಮೂರು ಲೋಟ ಕುಡಿಯೋದರಿಂದ. ಯಾವುದರಲ್ಲಿ ಸೋಸಿದಿರಿ ಅನ್ನೋದಕ್ಕಿಂತ ಎಷ್ಟು ಪುಡಿ ಒಳಗೆ ಹೋಯಿತು ಅನ್ನೋದು ಮುಖ್ಯ. ನಿಜವಾಗಿ ವ್ಯತ್ಯಾಸ ಇರುವ ಒಂದು ಸಂಗತಿ ಮಾತ್ರ ಯಾರೂ ಹೇಳುವುದಿಲ್ಲ. ಕಾಫಿಯ ಎಣ್ಣೆಯಲ್ಲಿ ಕೆಫೆಸ್ಟಾಲ್ ಅಂತ ಒಂದಿದೆ, ಅದು ಕೊಲೆಸ್ಟರಾಲ್ ಏರಿಸುತ್ತದೆ. ಪೇಪರ್ ಫಿಲ್ಟರ್ ಅದನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಸ್ಟೀಲ್ ಫಿಲ್ಟರ್ ಅಷ್ಟು ತಡೆಯುವುದಿಲ್ಲ. ಮಿಷನ್ ಜೊತೆ ಕೊಡುವ ನೈಲಾನ್ ಜಾಲರಿಯೂ ಅಷ್ಟೇ. ಮನೆಯಲ್ಲಿ ಕೊಲೆಸ್ಟರಾಲ್ ಜಾಸ್ತಿ ಇರುವವರಿದ್ದು ಕಾಫಿಯೂ ಜಾಸ್ತಿ ಕುಡಿಯುತ್ತಿದ್ದರೆ, ಪೇಪರ್ ಹಾಕಿದ ಮಿಷನ್ ಕಡೆಗೆ ಒಂದು ಅಂಕ ಹೋಗುತ್ತದೆ. ಅವರ ಡಾಕ್ಟರನ್ನೂ ಒಂದು ಮಾತು ಕೇಳಿ.

ಯಜಮಾನರಿಗೆ ಹೇಳಿ: 650 ವಾಟ್, ಸಲಕ್ಕೆ 7 ನಿಮಿಷ, ದಿನಕ್ಕೆ ಎರಡು ಸಲ. ತಿಂಗಳಿಗೆ ನಾಲ್ಕೂವರೆ ಯೂನಿಟ್. ಗೀಸರ್ ಎದುರು ಇದು ಲೆಕ್ಕಕ್ಕೇ ಇಲ್ಲ. ಬಿಲ್ ಏರೋದು ಕಾಫಿ ಇಳಿದ ಮೇಲೂ ಬಿಸಿತಟ್ಟೆ ಆರಿಸದೆ ಬಿಟ್ಟಾಗ. ಅದಕ್ಕಿಂತ ದೊಡ್ಡ ನಷ್ಟ ರುಚಿಯದು. ತಟ್ಟೆ ಮೇಲೆ ಅರ್ಧ ಗಂಟೆ ಕೂತ ಕಾಫಿ ಸುಟ್ಟ ಕಹಿ ಹಿಡಿಯುತ್ತದೆ. ಇಳಿದ ತಕ್ಷಣ ಸ್ವಿಚ್ ಆರಿಸಿ ಪುಟ್ಟ ಫ್ಲಾಸ್ಕಿಗೆ ಬಗ್ಗಿಸಿಬಿಡಿ.

ಮಗಳ ಮಿಷನ್ ಮಾತ್ರ ಬೇಡವೇ ಬೇಡ. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ಅಲ್ಲಿ 900 ವಾಟ್ ಎಳೆಯುವ ಹೀಟರ್ ಇಲ್ಲಿಯ ಸಾಕೆಟ್‌ಗೆ ಹಾಕಿದರೆ 3,300 ವಾಟ್ ಎಳೆಯಲು ಹೋಗುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಒಳಗಿನ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಹೊಗೆ. ಪಿನ್ ಬದಲಾಯಿಸುವ ಅಡಾಪ್ಟರ್ ವೋಲ್ಟೇಜ್ ಬದಲಾಯಿಸುವುದಿಲ್ಲ, ಇಲ್ಲೇ ಜನ ಎಡವೋದು. ಸರಿಯಾದ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಆದರೆ ಆ ಭಾರದ್ದಕ್ಕೆ ಹೊಸ ಮಿಷನ್‌ಗಿಂತ ಜಾಸ್ತಿ ದುಡ್ಡಾದರೂ ಆಶ್ಚರ್ಯವಿಲ್ಲ. ಮಗಳು ಬರುವಾಗ ಒಂದು ಕಟ್ಟು ಪೇಪರ್ ಫಿಲ್ಟರ್ ತರಲಿ, ಸಾಕು.

ಇಷ್ಟಾದ ಮೇಲೂ ಮಿಷನ್ ಬೇಕು ಅನ್ನಿಸಿದರೆ ಅಂಗಡಿಯಲ್ಲಿ ಏನು ನೋಡಬೇಕು? ಕಪ್ ಸಂಖ್ಯೆ ನೋಡಬೇಡಿ. ಅವರ ಕಪ್ ಒಂದೊಂದು ಕಂಪನಿಗೆ ಒಂದೊಂದು ಥರ, 100 ಮಿಲಿಯೂ ಇರಬಹುದು, 150 ಮಿಲಿಯೂ ಇರಬಹುದು. ನೀರಿನ ಅಳತೆಗೆ ತಕ್ಕ ವಾಟ್ ಇದೆಯಾ ನೋಡಿ. 600 ಮಿಲಿ ನೀರನ್ನು 25 ಡಿಗ್ರಿಯಿಂದ 93ಕ್ಕೆ ಏರಿಸಲು 650 ವಾಟ್ ಹೀಟರ್‌ಗೆ, ಒಂದು ಚೂರೂ ಬಿಸಿ ಪೋಲಾಗದಿದ್ದರೂ, 4 ನಿಮಿಷ 20 ಸೆಕೆಂಡ್ ಬೇಕು. ನಿಜದಲ್ಲಿ ಆರು ನಿಮಿಷ ಆಗುತ್ತದೆ. 4ರಿಂದ 8 ನಿಮಿಷದೊಳಗೆ ಮುಗಿದರೆ ಒಳ್ಳೆಯದು. ಹಾಗಾಗಿ ನೀವು ನೋಡಿದ ಮಿಷನ್ ಈ ಲೆಕ್ಕದಲ್ಲಿ ಪಾಸ್. ಅದೇ 400 ವಾಟಿನ ಹೀಟರ್ ಇಟ್ಟು ಒಂದು ಲೀಟರ್ ಟ್ಯಾಂಕ್ ಕೊಟ್ಟಿದ್ದರೆ 12 ನಿಮಿಷಕ್ಕೂ ಮೇಲಾಗುತ್ತದೆ. ಅಷ್ಟು ಹೊತ್ತು ನೀರು ತಾಗಿದರೆ ಪುಡಿಯ ಒಗರು ಕಹಿ ಎಲ್ಲ ಇಳಿದುಬರುತ್ತದೆ.

ಮನೆಗೆ ತಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ, ಇನ್ನೊಂದು ಪರೀಕ್ಷೆ ಮಾಡಿ. ಇದು ನನಗೆ ತುಂಬ ಇಷ್ಟದ್ದು. ಒಂದು ಸಲ ಪೂರ್ತಿ ಕಾಫಿ ಇಳಿಸಿ, ಆಮೇಲೆ ಬುಟ್ಟಿಯ ಮುಚ್ಚಳ ತೆಗೆದು ಚರಟ ನೋಡಿ. ಎಲ್ಲ ಕಡೆ ಸಮನಾಗಿ ಒದ್ದೆಯಾಗಿ, ನಡುವೆ ಸ್ವಲ್ಪ ತಗ್ಗಾಗಿದ್ದರೆ ಸರಿ. ನಟ್ಟನಡುವೆ ಬೆರಳು ಚುಚ್ಚಿದ ಹಾಗೆ ಗುಂಡಿ ಬಿದ್ದು, ಅಂಚಿನಲ್ಲಿ ಪುಡಿ ಒಣಗಿ ತಿಳಿಕಂದು ಬಣ್ಣಕ್ಕೇ ಉಳಿದಿದೆಯಾ? ಹಾಗಿದ್ದರೆ ನೀರು ಒಂದೇ ತೂತಿನಿಂದ ಬೀಳುತ್ತಿದೆ ಅಂತ ಅರ್ಥ. ನೀವು ದುಡ್ಡು ಕೊಟ್ಟ ಪುಡಿಯಲ್ಲಿ ಕಾಲು ಭಾಗ ಕಾಫಿ ಆಗಲೇ ಇಲ್ಲ. ಮುಚ್ಚಳದ ಒಳಗಡೆ ಐದಾರು ತೂತಿರುವ ಮಿಷನ್‌ಗಳಲ್ಲಿ ಈ ತೊಂದರೆ ಕಮ್ಮಿ. ಅಂಗಡಿಯಲ್ಲೇ ಮುಚ್ಚಳ ತೆಗೆದು ಎಣಿಸಬಹುದು, ಯಾರೂ ಏನೂ ಅನ್ನಲ್ಲ.

ಗಾಜಿನ ಜಗ್ ಬಿಡಿಯಾಗಿ ಸಿಗುತ್ತದಾ, ಎಷ್ಟು ಅಂತ ಕೇಳೋದನ್ನು ಮರೆಯಬೇಡಿ. ಈ ಮಿಷನ್‌ಗಳಲ್ಲಿ ಮೊದಲು ಹೋಗೋದು ಹೀಟರ್ ಅಲ್ಲ, ಸಿಂಕಿನಲ್ಲಿ ನಲ್ಲಿಗೆ ತಗುಲಿದ ಜಗ್. ಜಗ್ ಸಿಗದೆ ಅಟ್ಟ ಸೇರಿದ ಮಿಷನ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ಜಗ್ಗಿನಲ್ಲಿ ಹಾಲು ಕಾಯಿಸುವ ಸಾಹಸವೂ ಬೇಡ.

ಬೋರ್‌ವೆಲ್ ನೀರು ನಿಮ್ಮ ಮಿಷನ್‌ನ ನಿಜವಾದ ಶತ್ರು. ನಿಮ್ಮ ಗೀಸರ್ ಕಾಯಿಲ್ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಬೆರಳು ಗಾತ್ರವೂ ಇಲ್ಲದ ಆ ಅಲ್ಯೂಮಿನಿಯಂ ಕೊಳವೆಯೊಳಗೂ ಕಟ್ಟುತ್ತದೆ. ಮೊದಲು ಸಮಯ ಜಾಸ್ತಿ ಆಗುತ್ತದೆ. ಆಮೇಲೆ ಆವಿ ಜಾಸ್ತಿ, ನೀರು ಕಮ್ಮಿ. ಒಂದು ದಿನ ವಾಲ್ವ್‌ನಲ್ಲಿ ಚೂರು ಸಿಕ್ಕಿಕೊಂಡು ನೀರು ಮೇಲೆ ಏರದೆ ಟ್ಯಾಂಕಿನಲ್ಲೇ ಗುಳುಗುಳು ಅನ್ನುತ್ತದೆ. ಕುಡಿಯುವ ಫಿಲ್ಟರ್ ನೀರನ್ನೇ ಹಾಕಿ. ಜೊತೆಗೆ ತಿಂಗಳಿಗೊಮ್ಮೆ 600 ಮಿಲಿ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್, ಕರಗಿಸಿ ಅರ್ಧ ಓಡಿಸಿ. 20 ನಿಮಿಷ ಆರಿಸಿಡಿ. ಉಳಿದದ್ದು ಓಡಿಸಿ, ಎರಡು ಸಲ ಬರೀ ನೀರು ಬಿಡಿ. ಬಾತ್‌ರೂಮ್ ತೊಳೆಯುವ ಆಸಿಡ್ ಹತ್ತಿರವೂ ತರಬೇಡಿ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಮಿಷನ್ ಪೂರ್ತಿ ಸತ್ತು ಹೋದರೆ, ಅಂದರೆ ಲೈಟೂ ಇಲ್ಲ, ಬಿಸಿಯೂ ಇಲ್ಲ ಅಂದರೆ, ಒಳಗಿನ ಥರ್ಮಲ್ ಫ್ಯೂಸ್ ಹೋಗಿರುವ ಸಾಧ್ಯತೆ ಜಾಸ್ತಿ. ಆ ಚಿಕ್ಕ ಫ್ಯೂಸ್ ಇಪ್ಪತ್ತು ಮೂವತ್ತು ರೂಪಾಯಿಯ ವಸ್ತು. ಕೆಲವು ರಿಪೇರಿಯವರು ಅದನ್ನು ಕಿತ್ತು ವೈರ್ ಡೈರೆಕ್ಟ್ ಕೊಟ್ಟುಬಿಡುತ್ತಾರೆ. ಮಿಷನ್ ಓಡುತ್ತದೆ. ಟ್ಯಾಂಕ್ ಖಾಲಿ ಇದ್ದಾಗ ಯಾರಾದರೂ ಸ್ವಿಚ್ ಹಾಕಿ ಮರೆತರೆ ಬೆಂಕಿ ಹತ್ತದಂತೆ ತಡೆಯೋದೇ ಆ ಫ್ಯೂಸ್. ಅಂಥ ರಿಪೇರಿ ಆದ ಮಿಷನ್ ಒಂದನ್ನು ಬಿಚ್ಚಿದಾಗ ತಳದ ಪ್ಲಾಸ್ಟಿಕ್ ಕರಗಿ ಹಪ್ಪಳದ ಹಾಗೆ ಉಬ್ಬಿತ್ತು. ಫ್ಯೂಸ್ ಬದಲಿಗೆ ಫ್ಯೂಸೇ ಹಾಕಿಸಿ. ಅರ್ಥಿಂಗ್ ಇರುವ ಮೂರು ಪಿನ್ ಸಾಕೆಟ್ಟಿಗೇ ಹಾಕಿ.

ಹಾಗಾದರೆ ಏನು ಮಾಡಬೇಕು? ನಾನಾದರೆ ಈ ವಾರ 2,200 ರೂಪಾಯಿ ಖರ್ಚು ಮಾಡುತ್ತಿರಲಿಲ್ಲ. ಮೊದಲು ಸ್ಟೀಲ್ ಫಿಲ್ಟರ್‌ನ ಕಾಯಿಲೆ ನೋಡುತ್ತಿದ್ದೆ. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ಎಷ್ಟು ತೂತಿನಲ್ಲಿ ಬೆಳಕು ಬರುತ್ತದೆ? ಅರ್ಧ ತೂತು ಕುರುಡಾಗಿದ್ದರೆ ಆಶ್ಚರ್ಯವಿಲ್ಲ. ನಿಮ್ಮ ನೀರಿನ ಪೊರೆ, ಕಾಫಿಯ ಜಿಡ್ಡು, ನುಣ್ಣನೆ ಪುಡಿ ಮೂರೂ ಸೇರಿ ಮುಚ್ಚಿರುತ್ತವೆ. ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ. ಒಣಗಿಸಿ, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ತಳವನ್ನು ಒಂದೆರಡು ನಿಮಿಷ ಕಾಯಿಸಿ, ಆರಿದ ಮೇಲೆ ತಟ್ಟಿ. ಕರಿ ಪುಡಿ ಉದುರುತ್ತದೆ. ಅಜ್ಜಿಯರ ಕಾಲದ ಉಪಾಯ, ಈಗಲೂ ಇದನ್ನು ಮೀರಿದ್ದಿಲ್ಲ. ಪುಡಿಯನ್ನು ಒತ್ತುಗೆಯಿಂದ, ಅಂದರೆ ಹಿಡಿ ಇರುವ ತೂತಿನ ತಟ್ಟೆಯಿಂದ, ಅದುಮಬೇಡಿ, ಸುಮ್ನೆ ಸಮ ಮಾಡಿ ಅದನ್ನು ಮೇಲಿಟ್ಟರೆ ಸಾಕು. ಇಳಿಯೋದು ನಿಂತರೆ ಮೇಲಿನ ಪಾತ್ರೆಯನ್ನು ಒಂದು ಕೂದಲೆಳೆ ಎತ್ತಿ ಬಿಡಿ. ಎರಡು ಪಾತ್ರೆ ಬಿಗಿಯಾಗಿ ಕೂತು ಕೆಳಗಿನ ಗಾಳಿ ಹೊರಗೆ ಹೋಗದಿದ್ದರೂ ಹನಿ ನಿಲ್ಲುತ್ತದೆ. ಎತ್ತಿದ ಕೂಡಲೇ ಟಪಟಪ ಶುರುವಾದರೆ ನಿಮ್ಮ ಫಿಲ್ಟರ್ ಕಟ್ಟಿಕೊಂಡಿರಲೇ ಇಲ್ಲ ಅಂತಾಯಿತು. ಪುಡಿಯನ್ನೂ ಈ ಸಲ 85:15 ತಂದು ನೋಡಿ.

ಐದೂವರೆಯ ಕಾಫಿಗೆ ರಾತ್ರಿ ಮಲಗುವಾಗಲೇ ನೀರು ಹಾಕಿಟ್ಟರೆ ಬೆಳಿಗ್ಗೆ ಡಿಕಾಕ್ಷನ್ ಸಿದ್ಧ. ಘಮ ಸ್ವಲ್ಪ ಇಳಿದಿರುತ್ತದೆ, ನಿಜ. ಅದನ್ನು ಒಲೆ ಮೇಲೆ ಕುದಿಸಬೇಡಿ, ಹಾಲನ್ನೇ ಚೆನ್ನಾಗಿ ಕಾಯಿಸಿ ಬೆರೆಸಿ.

ಎರಡನೇ ದಾರಿ, ನಮ್ಮ ಕಡೆಯವರಿಗಾಗಿಯೇ ‘ಡಿಕಾಕ್ಷನ್ ಮೇಕರ್’ ಅಂತ ಮಾರುವ ಚಿಕ್ಕ ಮಿಷನ್‌ಗಳು. ಕೆಲಸ ಅದೇ ಡ್ರಿಪ್, ಆದರೆ ಟ್ಯಾಂಕ್ ಚಿಕ್ಕದು, ಜಾಲರಿ ಸ್ಟೀಲಿನದ್ದು, ವಾಟ್ ಕಮ್ಮಿ. ಹಾಲಿನ ಕಾಫಿ ಮನೆಗೆ ದೊಡ್ಡ ಜಗ್ಗಿನ ಮಿಷನ್‌ಗಿಂತ ಇದೇ ಹೊಂದುತ್ತದೆ. 70:30 ಪುಡಿ ಇದರಲ್ಲೂ ಕಾಟ ಕೊಡುತ್ತದೆ, ಅದರ ಮೇಲೆ ಭರವಸೆ ಇಟ್ಟುಕೊಳ್ಳಬೇಡಿ. ನೀವು ನೋಡಿದ 6 ಕಪ್ಪಿನದ್ದು ಮನೆಯಲ್ಲಿ ಯಾರಾದರೂ ಕರಿ ಕಾಫಿ ಶುರು ಮಾಡಿದ್ದರೆ ಅಥವಾ ಮಗಳು ತಿಂಗಳುಗಟ್ಟಲೆ ಬಂದು ಇರುವುದಾದರೆ ಮಾತ್ರ ಸರಿ.

ಆದರೆ ನೀವು ಬರೆಯದೇ ಬಿಟ್ಟ ಒಂದು ವಿಷಯ ನನ್ನ ಲೆಕ್ಕವನ್ನು ತಲೆಕೆಳಗು ಮಾಡಬಹುದು. ಐದೂವರೆಗೆ ಎದ್ದು ಕಾಫಿ ಮಾಡುವವರು ಯಾರು? ನೀವಾ, ಅತ್ತೆಯವರೇನಾ? ವಯಸ್ಸಾದವರು ನಸುಕಿನಲ್ಲಿ, ನಡುಗುವ ಕೈಯಲ್ಲಿ, ಕುದಿಯುವ ನೀರನ್ನು ಪುಟ್ಟ ಫಿಲ್ಟರಿನ ಬಾಯಿಗೆ ಬಗ್ಗಿಸುತ್ತಿದ್ದಾರೆ ಅಂದರೆ ರುಚಿಯ ಮಾತು ಆಮೇಲೆ. ತಣ್ಣೀರು ಹಾಕಿ ಒಂದು ಸ್ವಿಚ್ ಒತ್ತುವ ಮಿಷನ್ ಆಗ ದುಡ್ಡಿಗೆ ಮೋಸವಿಲ್ಲ, ಡಿಕಾಕ್ಷನ್ ಮೇಕರ್ ತಂದುಬಿಡಿ. ರಾತ್ರಿಯೇ ಪುಡಿ ಅಳೆದು ಬುಟ್ಟಿಗೆ ಹಾಕಿಟ್ಟರೆ ಅವರಿಗೆ ನೀರು ತುಂಬುವುದೊಂದೇ ಕೆಲಸ. ಟ್ಯಾಂಕಿನ ನೀರಿನ ಗೆರೆ ಅವರ ಕಣ್ಣಿಗೆ ಕಾಣುತ್ತದಾ ಅಂತ ಅಂಗಡಿಯಲ್ಲೇ ಅವರನ್ನು ನಿಲ್ಲಿಸಿ ತೋರಿಸಿ. ಕೆಲವು ಮಿಷನ್‌ಗಳಲ್ಲಿ ಕಪ್ಪು ಪ್ಲಾಸ್ಟಿಕ್ ಮೇಲೆ ಕಪ್ಪು ಗೆರೆ ಹಾಕಿರುತ್ತಾರೆ, ನನಗೇ ಕಾಣುವುದಿಲ್ಲ.